ಚಾರ್ಜರ್ ಇದೆ, ಚಾರ್ಜಿಂಗ್ ಸಿಗುತ್ತದೆಯೇ?

ಸಣ್ಣ ಊರೊಂದರ ಹೆಸರನ್ನು ಚಾರ್ಜಿಂಗ್ ಆ್ಯಪ್‌ನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಒಂದೋ ಎರಡೋ ಹಸಿರು ಗುರುತುಗಳು ಕಾಣುತ್ತವೆ. ಅಷ್ಟನ್ನು ನೋಡಿ ಆ ಊರಿನಲ್ಲಿ ಎಲೆಕ್ಟ್ರಿಕ್ ವಾಹನಕ್ಕೆ ಚಿಂತೆಯಿಲ್ಲ ಎಂದು ತೀರ್ಮಾನಿಸಿಬಿಡುತ್ತೇವೆ. ಗುರುತು ಹೇಳುವುದಾದರೂ ಏನು? ಯಾರೋ ಒಂದು ದಿನ ಅಲ್ಲಿ ಯಂತ್ರವನ್ನು ನಿಲ್ಲಿಸಿ ಪಟ್ಟಿಗೆ ಸೇರಿಸಿದ್ದಾರೆ ಎಂದಷ್ಟೇ. ಅದು ಈ ಹೊತ್ತು ಕೆಲಸ ಮಾಡುತ್ತಿದೆಯೇ, ಅದರ ಗನ್ (ಕೇಬಲ್ಲಿನ ತುದಿಯಲ್ಲಿದ್ದು ವಾಹನಕ್ಕೆ ಜೋಡಿಸುವ ಪ್ಲಗ್ಗು) ನಮ್ಮ ವಾಹನಕ್ಕೆ ಹೊಂದುತ್ತದೆಯೇ, ನಾವು ತಲುಪುವಾಗ ಗೇಟು ತೆರೆದಿರುತ್ತದೆಯೇ, ಇನ್ನೊಂದು ವಾಹನ ಅಲ್ಲಿ ಆಗಲೇ ನಿಂತಿದೆಯೇ ಎಂಬ ಪ್ರಶ್ನೆಗಳಿಗೆ ಆ ಗುರುತಿನಲ್ಲಿ ಉತ್ತರವಿಲ್ಲ.

ಈ ಅನುಮಾನ ಅತಿಯಾಯಿತು ಎನಿಸುವವರಿಗಾಗಿ ಒಂದು ಅಧ್ಯಯನದ ವಿಷಯ ಹೇಳುತ್ತೇನೆ. 2022ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ 181 ಸಾರ್ವಜನಿಕ ವೇಗದ ಚಾರ್ಜಿಂಗ್ ಕೇಂದ್ರಗಳಿಗೆ ಜನರೇ ಖುದ್ದಾಗಿ ಹೋಗಿ 657 ಗನ್‌ಗಳನ್ನು ಪರೀಕ್ಷಿಸಿದರು. ಸರಿಯಾಗಿ ಕೆಲಸ ಮಾಡಿದ್ದು ಶೇ 72.5 ಮಾತ್ರ. ಎಲೆಕ್ಟ್ರಿಕ್ ಕಾರುಗಳ ತವರು ಎನ್ನಬಹುದಾದ, ಹಣಕ್ಕೂ ತಂತ್ರಜ್ಞರಿಗೂ ಕೊರತೆಯಿಲ್ಲದ ಪ್ರದೇಶದ ಸ್ಥಿತಿ ಇದು. ಇನ್ನೂ ಶೇ 4.9ರಷ್ಟು ಕಡೆ ಯಂತ್ರ ಕೆಟ್ಟಿರಲಿಲ್ಲ, ಕೇಬಲ್ಲೇ ಕಾರಿನ ಬಾಯಿಗೆ ಎಟುಕಲಿಲ್ಲ! ಮಹಾನಗರದಲ್ಲಿ ಒಂದು ಕೆಟ್ಟಿದ್ದರೆ ಬೈದುಕೊಂಡು ಇನ್ನೊಂದಕ್ಕೆ ಹೋಗಬಹುದು. ಊರಿಗೊಂದೇ ಯಂತ್ರವಿದ್ದಲ್ಲಿ ಆ ‘ಇನ್ನೊಂದು’ ಐವತ್ತು ಕಿಲೋಮೀಟರ್ ದೂರದ ಮುಂದಿನ ಊರಿನಲ್ಲಿರುತ್ತದೆ. ಸಣ್ಣ ಊರಿನ ಸಮಸ್ಯೆ ಬೇರೆಯಾಗುವುದು ಇಲ್ಲಿಂದಲೇ.

ಎಸಿ ಕಂಬ, ಡಿಸಿ ಪೆಟ್ಟಿಗೆ

ಬ್ಯಾಟರಿಗೆ ಬೇಕಾದದ್ದು ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್. ತಂತಿಯಲ್ಲಿ ಬರುವುದು ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್. ಎಲ್ಲೋ ಒಂದು ಕಡೆ ಇದನ್ನು ಅದಾಗಿ ಬದಲಿಸಲೇಬೇಕು. ಬದಲಾವಣೆ ವಾಹನದೊಳಗಿನ ಆನ್‌ಬೋರ್ಡ್ ಚಾರ್ಜರ್‌ನಲ್ಲಿ ನಡೆದರೆ ಎಸಿ ಚಾರ್ಜಿಂಗ್ ಎನ್ನುತ್ತೇವೆ. ಹೊರಗಿನ ದೊಡ್ಡ ಪೆಟ್ಟಿಗೆಯಲ್ಲಿ ನಡೆದು ನೇರವಾಗಿ ಬ್ಯಾಟರಿಗೆ ಹೋದರೆ ಅದು ಡಿಸಿ. ಎಸಿ ಕಂಬ ನಿಜ ಹೇಳಬೇಕೆಂದರೆ ಸುರಕ್ಷತಾ ಸಾಧನಗಳಿರುವ ಜಾಣ ಸ್ವಿಚ್ಚು ಅಷ್ಟೇ. ಹಾಗಾಗಿ ಅಗ್ಗ, ಕೆಡುವುದೂ ಕಡಿಮೆ. ಡಿಸಿ ಪೆಟ್ಟಿಗೆಯೊಳಗೆ ಪವರ್ ಮಾಡ್ಯೂಲ್‌ಗಳು, ಫ್ಯಾನ್‌ಗಳು, ನಿಯಂತ್ರಕ, ಪರದೆ, ಮೊಡೆಮ್ ಎಲ್ಲ ಇರುತ್ತವೆ. ಬೆಲೆಯೂ ಹೆಚ್ಚು, ಕೆಡುವ ದಾರಿಗಳೂ ಹೆಚ್ಚು.

ಫಲಕದ ಮೇಲಿನ ಅಂಕಿಯನ್ನು ನಂಬಿ ಮೋಸಹೋಗುವುದು ಸುಲಭ. 22 ಕಿಲೋವ್ಯಾಟ್‌ನ ಎಸಿ ಕಂಬಕ್ಕೆ 7.2 ಕಿಲೋವ್ಯಾಟ್‌ನ ಆನ್‌ಬೋರ್ಡ್ ಚಾರ್ಜರ್ ಇರುವ ಕಾರನ್ನು ಜೋಡಿಸಿದರೆ ಸಿಗುವುದು 7.2 ಮಾತ್ರ. ಕಂಬ ಮೂರು ಫೇಸ್‌ನದ್ದಾಗಿದ್ದು ಕಾರು ಒಂದೇ ಫೇಸ್ ತೆಗೆದುಕೊಳ್ಳುವಂಥದ್ದಾದರೆ ಉಳಿದೆರಡು ಫೇಸ್ ಸುಮ್ಮನಿರುತ್ತವೆ. ಡಿಸಿಯಲ್ಲೂ ಹೀಗೆಯೇ. 125 ಆ್ಯಂಪಿಯರ್ ಮಿತಿಯ ಯಂತ್ರಕ್ಕೆ 320 ವೋಲ್ಟ್‌ನ ಬ್ಯಾಟರಿ ಜೋಡಿಸಿದರೆ ಗುಣಿಸಿ ನೋಡಿ: 40 ಕಿಲೋವ್ಯಾಟ್. ಫಲಕದಲ್ಲಿ 50 ಎಂದೋ 60 ಎಂದೋ ಬರೆದಿದ್ದರೂ ಅದಕ್ಕಿಂತ ಹೆಚ್ಚು ಬಾರದು. ಎರಡು ಗನ್‌ಗಳಿರುವ 60 ಕಿಲೋವ್ಯಾಟ್‌ನ ಪೆಟ್ಟಿಗೆಗೆ ಎರಡನೆಯ ಕಾರು ಬಂದು ಸೇರಿತೆಂದರೆ ಮೊದಲನೆಯದರ ಪಾಲು ಹಲವು ಯಂತ್ರಗಳಲ್ಲಿ 30ಕ್ಕೆ ಇಳಿಯುತ್ತದೆ.

ಇನ್ನೊಂದು ಮಿತಿ ಬ್ಯಾಟರಿಯದ್ದೇ. ಶೇ 80 ದಾಟಿದ ಮೇಲೆ ವೇಗ ಕುಸಿಯುವುದನ್ನು ಎಲೆಕ್ಟ್ರಿಕ್ ಕಾರು ಓಡಿಸುವವರೆಲ್ಲ ಬಲ್ಲರು. ಖಾಲಿ ಬಸ್ಸಿಗೆ ಹತ್ತಿದವರು ಥಟ್ಟನೆ ಕುಳಿತುಬಿಡುತ್ತಾರೆ. ಬಸ್ಸು ತುಂಬುತ್ತ ಬಂದಂತೆ ಉಳಿದ ಸೀಟು ಹುಡುಕಲು ಹೊತ್ತು ಹಿಡಿಯುತ್ತದೆ. ಲಿಥಿಯಂ ಅಯಾನುಗಳೂ ಗ್ರಾಫೈಟ್‌ನ ಪದರಗಳಲ್ಲಿ ಹೀಗೇ ಜಾಗ ಹುಡುಕುತ್ತವೆ. ಅವಸರಪಡಿಸಿದರೆ ಒಳಗೆ ಸೇರದೆ ಮೇಲ್ಮೈಯಲ್ಲೇ ಲೋಹವಾಗಿ ಕೂರುತ್ತವೆ, ಅದರಿಂದ ಬ್ಯಾಟರಿ ಹಾಳಾಗುತ್ತದೆ. ಚಳಿಯಲ್ಲಿ ಈ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ವಾಹನವೇ ವೇಗವನ್ನು ತಗ್ಗಿಸುತ್ತದೆ. ಇದು ಚಾಲಕರೊಬ್ಬರ ತಾಳ್ಮೆಗೆ ಮಾತ್ರ ಸಂಬಂಧಿಸಿದ ಸಂಗತಿಯಾಗಿ ಉಳಿಯುವುದಿಲ್ಲ. ಒಂದೇ ಗನ್ ಇರುವ ಊರಿನಲ್ಲಿ ಯಾರಾದರೂ 80ರಿಂದ 100ಕ್ಕೆ ಏರಿಸುತ್ತ ಕುಳಿತರೆ, ಯಂತ್ರ ತನ್ನ ಶಕ್ತಿಯ ಸ್ವಲ್ಪ ಭಾಗವನ್ನಷ್ಟೇ ಕೊಡುತ್ತ ಇಡೀ ಊರಿನ ಪಾಲಿಗೆ ‘ಬಳಕೆಯಲ್ಲಿದೆ’ ಎಂದು ತೋರಿಸುತ್ತದೆ.

ಗನ್‌ಗಳ ವಿಷಯವನ್ನು ಬೇಗ ಮುಗಿಸಬಹುದು. ಯುರೋಪ್ ಮತ್ತು ಭಾರತದ ಕಾರುಗಳಲ್ಲಿ ಸಿಸಿಎಸ್2 ಎಂಬ ಮಾದರಿಯ ಗನ್ ನೆಲೆಯೂರಿದೆ. ಚೀನಾದಲ್ಲಿ ಜಿಬಿ/ಟಿ, ಜಪಾನಿನಲ್ಲಿ ಚಾಡೆಮೊ ಇವೆ. ಉತ್ತರ ಅಮೆರಿಕ ಸಿಸಿಎಸ್1ರಿಂದ ಟೆಸ್ಲಾ 2022ರಲ್ಲಿ ಎಲ್ಲರಿಗೂ ತೆರೆದ ವಿನ್ಯಾಸದ ಕಡೆಗೆ ಹೊರಳುತ್ತಿದೆ. ಸ್ಕೂಟರ್ ಮತ್ತು ಮೂರು ಚಕ್ರದ ವಾಹನಗಳ ಲೋಕ ಇನ್ನೂ ಚದುರಿಕೊಂಡೇ ಇದೆ. ಕಾರಿನ ಗನ್ ಮಾತ್ರ ಇರುವ ಕೇಂದ್ರ ಸ್ಕೂಟರಿನವರ ಪಾಲಿಗೆ ಇದ್ದೂ ಇಲ್ಲದ ಹಾಗೆ.

ಒಂದೇ ಇದ್ದರೆ

ಸಾಲಿನಲ್ಲಿ ಎಷ್ಟು ಹೊತ್ತು ಕಾಯಬೇಕಾಗುತ್ತದೆ ಎಂಬುದಕ್ಕೆ ಹಳೆಯ, ನಂಬಬಹುದಾದ ಗಣಿತವಿದೆ. ಡೆನ್ಮಾರ್ಕ್‌ನ ಗಣಿತಜ್ಞ ಎ. ಕೆ. ಎರ್ಲಾಂಗ್ ಕೋಪನ್‌ಹೇಗನ್‌ನ ದೂರವಾಣಿ ಕಂಪನಿಯಲ್ಲಿದ್ದಾಗ, ಎಷ್ಟು ಲೈನ್‌ಗಳಿದ್ದರೆ ಕರೆ ಮಾಡುವವರು ಎಷ್ಟು ಕಾಯಬೇಕಾಗುತ್ತದೆ ಎಂದು ಲೆಕ್ಕ ಹಾಕಿ 1917ರಲ್ಲಿ ಸೂತ್ರಗಳನ್ನು ಪ್ರಕಟಿಸಿದರು. ದೂರವಾಣಿ ಲೈನ್ ಇದ್ದಲ್ಲಿ ಚಾರ್ಜರನ್ನು ಇಟ್ಟರೆ ಆ ಲೆಕ್ಕ ಇಲ್ಲಿಗೂ ಹೊಂದುತ್ತದೆ.

ದಟ್ಟಣೆಯ ಹೊತ್ತಿನಲ್ಲಿ ಊರಿನ ಒಂದೇ ಚಾರ್ಜರ್ ಅರ್ಧ ಸಮಯ ಕೆಲಸದಲ್ಲಿರುತ್ತದೆ, ವಾಹನಗಳು ಹೇಳದೆ ಕೇಳದೆ ಯಾವಾಗಲೋ ಬರುತ್ತವೆ, ಒಂದೊಂದೂ ಸರಾಸರಿ 40 ನಿಮಿಷ ನಿಲ್ಲುತ್ತದೆ ಎಂದುಕೊಳ್ಳೋಣ. ಯಂತ್ರ ಅರ್ಧ ಹೊತ್ತು ಖಾಲಿಯೇ ಇದೆಯಲ್ಲ, ಇನ್ನೇಕೆ ಎರಡನೆಯದು ಎಂದು ಯಾರಾದರೂ ಕೇಳಬಹುದು. ಆದರೆ ಸೂತ್ರದ ಪ್ರಕಾರ ಬಂದವರಲ್ಲಿ ಅರ್ಧ ಜನ ಕಾಯಬೇಕು, ಎಲ್ಲರನ್ನೂ ಸೇರಿಸಿದ ಸರಾಸರಿ ಕಾಯುವಿಕೆ 40 ನಿಮಿಷ. ಈಗ ಚಾರ್ಜರ್‌ಗಳನ್ನು ಎರಡು ಮಾಡಿ, ಬರುವ ವಾಹನಗಳನ್ನೂ ದುಪ್ಪಟ್ಟು ಮಾಡಿ. ಪ್ರತಿ ಯಂತ್ರಕ್ಕೂ ಮೊದಲಿನಷ್ಟೇ ಕೆಲಸ. ಆದರೂ ಕಾಯಬೇಕಾದವರು ಮೂರರಲ್ಲಿ ಒಬ್ಬರಿಗೆ ಇಳಿಯುತ್ತಾರೆ, ಸರಾಸರಿ ಕಾಯುವಿಕೆ ಸುಮಾರು 13 ನಿಮಿಷವಾಗುತ್ತದೆ. ಅದೇ ಅನುಪಾತದಲ್ಲಿ ನಾಲ್ಕು ಯಂತ್ರಗಳಿದ್ದರೆ ಕಾಯುವವರು ಶೇ 17ರಷ್ಟು, ಸರಾಸರಿ ಕಾಯುವಿಕೆ ಮೂರೂವರೆ ನಿಮಿಷ.

ಎಂದರೆ ಒಂದರಿಂದ ಎರಡಕ್ಕೆ ಹೋಗುವ ಹೆಜ್ಜೆ ಎರಡರಿಂದ ನಾಲ್ಕಕ್ಕೆ ಹೋಗುವುದಕ್ಕಿಂತ ದೊಡ್ಡದು. ಕೆಟ್ಟುಹೋಗುವ ವಿಷಯದಲ್ಲಿ ಇದು ಇನ್ನೂ ಸ್ಪಷ್ಟ. ಹತ್ತು ಬಾರಿ ಹೋದರೆ ಒಂಬತ್ತು ಬಾರಿ ಕೆಲಸ ಮಾಡುವ ಯಂತ್ರ ಒಂದೇ ಇದ್ದಲ್ಲಿ ಹತ್ತನೆಯ ಬಾರಿ ಬರಿಗೈ. ಅಂಥವೇ ಎರಡು ಇದ್ದರೆ ಎರಡೂ ಒಟ್ಟಿಗೆ ಕೆಟ್ಟಿರುವ ಸಾಧ್ಯತೆ ಕಾಗದದ ಮೇಲೆ ನೂರರಲ್ಲಿ ಒಂದು. ಕಾಗದದ ಮೇಲೆ ಎಂದು ಬೇಕೆಂದೇ ಹೇಳಿದೆ. ಎರಡೂ ಒಂದೇ ಟ್ರಾನ್ಸ್‌ಫಾರ್ಮರ್‌ಗೆ, ಒಂದೇ ಮೊಬೈಲ್ ಟವರಿಗೆ, ಒಂದೇ ಕಂಪನಿಯ ಸರ್ವರಿಗೆ ಜೋತುಬಿದ್ದಿದ್ದರೆ ಎರಡೂ ಒಟ್ಟಿಗೇ ಮಲಗುತ್ತವೆ. ಎರಡನೆಯ ಚಾರ್ಜರನ್ನು ಬೇರೆ ಬೀದಿಯಲ್ಲಿ, ಬೇರೆ ಫೀಡರಿನ (ಉಪಕೇಂದ್ರದಿಂದ ಬರುವ ವಿದ್ಯುತ್ ಮಾರ್ಗದ) ಮೇಲೆ, ಸಾಧ್ಯವಾದರೆ ಬೇರೆ ಸಂಸ್ಥೆಯವರು ಇಟ್ಟರೆ ಮಾತ್ರ ಆ ಲೆಕ್ಕ ನಿಜವಾಗುತ್ತದೆ. ಒಂದೇ ಪೆಟ್ಟಿಗೆಗೆ ಎರಡು ಗನ್ ಇಟ್ಟು ‘ಎರಡು ಚಾರ್ಜಿಂಗ್ ಪಾಯಿಂಟ್’ ಎಂದು ಎಣಿಸುವುದು ಅಂಕಿ ಹೆಚ್ಚಿಸುವ ಉಪಾಯ. ಪೆಟ್ಟಿಗೆಯೇ ಕೆಟ್ಟರೆ ಎರಡೂ ಹೋದವು.

ಎರಡನೆಯದು ಏಕೆ ಬರುವುದಿಲ್ಲ

60 ಕಿಲೋವ್ಯಾಟ್‌ನ ಚಾರ್ಜರ್ ದಿನವಿಡೀ ಪೂರ್ಣ ಶಕ್ತಿಯಲ್ಲಿ ಓಡಿದರೆ 1,440 ಯೂನಿಟ್ ಕೊಡಬಲ್ಲದು. ಸಣ್ಣ ಊರಿನಲ್ಲಿ ದಿನಕ್ಕೆ ಮೂರು ಕಾರುಗಳು ಬಂದು ತಲಾ 24 ಯೂನಿಟ್ ತುಂಬಿಸಿಕೊಂಡವು ಎನ್ನಿ. ಒಟ್ಟು 72 ಯೂನಿಟ್, ಅಂದರೆ ಸಾಮರ್ಥ್ಯದ ಶೇ 5. ಹೂಡಿಕೆ ಮಾಡಿದವರಿಗೆ ಇದು ಖಾಲಿ ಯಂತ್ರ. ನಾಲ್ಕನೆಯದಾಗಿ ಬಂದು ಸಂಜೆ ಸಾಲಿನಲ್ಲಿ ನಿಂತವರಿಗೆ ಸದಾ ತುಂಬಿರುವ ಯಂತ್ರ. ಇಬ್ಬರ ದೂರೂ ನಿಜವೇ.

ವಿದ್ಯುತ್ ಬಿಲ್ಲು ಈ ಬಿಕ್ಕಟ್ಟನ್ನು ಇನ್ನಷ್ಟು ಬಿಗಿಮಾಡುತ್ತದೆ. ಜಗತ್ತಿನ ಅನೇಕ ಕಡೆ ದೊಡ್ಡ ಸಂಪರ್ಕಗಳಿಗೆ ಬಿಲ್ಲಿನಲ್ಲಿ ಎರಡು ಭಾಗಗಳಿರುತ್ತವೆ. ಒಂದು, ಬಳಸಿದ ಯೂನಿಟ್‌ಗಳಿಗೆ. ಇನ್ನೊಂದು, ಮಂಜೂರಾದ ಲೋಡಿಗೋ ತಿಂಗಳಲ್ಲಿ ಒಮ್ಮೆ ಮುಟ್ಟಿದ ಗರಿಷ್ಠ ಬೇಡಿಕೆಗೋ ತೆರುವ ನಿಗದಿತ ಶುಲ್ಕ. ಎರಡನೆಯದು ಮೂರು ಕಾರು ಬಂದರೂ ಅಷ್ಟೇ, ಮೂವತ್ತು ಬಂದರೂ ಹೆಚ್ಚುಕಡಿಮೆ ಅಷ್ಟೇ. ನಮ್ಮ ಉದಾಹರಣೆಯ ಊರಿನಲ್ಲಿ ಆ ಮೊತ್ತ ತಿಂಗಳಿಗೆ 2,160 ಯೂನಿಟ್‌ಗಳ ಮೇಲೆ ಹಂಚಿಕೆಯಾಗುತ್ತದೆ. ಶೇ 20ರಷ್ಟು ಬಳಕೆಯಿರುವ ಹೆದ್ದಾರಿ ಬದಿಯ ಇಂಥದ್ದೇ ಯಂತ್ರದಲ್ಲಿ 8,640 ಯೂನಿಟ್‌ಗಳ ಮೇಲೆ ಹಂಚಿಕೆಯಾಗುತ್ತದೆ. ಯೂನಿಟ್‌ಗೆ ಬೀಳುವ ಹೊರೆ ನಾಲ್ಕು ಪಟ್ಟು. ಇದನ್ನು ದರದಲ್ಲಿ ವಸೂಲು ಮಾಡಿದರೆ ಜನ ಬರುವುದಿಲ್ಲ, ಮಾಡದಿದ್ದರೆ ನಡೆಸುವವರು ಉಳಿಯುವುದಿಲ್ಲ.

ಇನ್ನು ತಂತಿಯ ಮಾತು. ಸಂಜೆಯ ಹೊತ್ತು ಮನೆಯೊಂದರ ಸರಾಸರಿ ಬಳಕೆ ಒಂದೆರಡು ಕಿಲೋವ್ಯಾಟ್ ಎಂದುಕೊಂಡರೆ 60 ಕಿಲೋವ್ಯಾಟ್‌ನ ಚಾರ್ಜರ್ ಎಂದರೆ ಮೂವತ್ತರಿಂದ ಅರವತ್ತು ಮನೆಗಳು ಒಂದೇ ಕ್ಷಣದಲ್ಲಿ ಬಂದು ಸೇರಿದಂತೆ. ಬೀದಿಯ 100 ಕೆವಿಎ (ಹೆಚ್ಚೆಂದರೆ 100 ಕಿಲೋವ್ಯಾಟ್ ಹೊರಬಲ್ಲ) ಟ್ರಾನ್ಸ್‌ಫಾರ್ಮರ್ ಈಗಾಗಲೇ ಮನೆ ಅಂಗಡಿಗಳನ್ನು ಹೊತ್ತಿದ್ದರೆ ಅದಕ್ಕೆ ಈ ಹೊರೆ ತಡೆಯದು. ಹೊಸ ಟ್ರಾನ್ಸ್‌ಫಾರ್ಮರ್, ಕೇಬಲ್ಲು, ಮೀಟರು, ಅನುಮತಿಗಳು ಬರುವಷ್ಟರಲ್ಲಿ ಯಂತ್ರದ ಖರೀದಿಗಿಂತ ಅದಕ್ಕೆ ಸಂಪರ್ಕ ಕೊಡಿಸುವುದೇ ದೊಡ್ಡ ಕೆಲಸವಾಗಿರುತ್ತದೆ. ಉದ್ದನೆಯ ಫೀಡರಿನ ತುದಿಯಲ್ಲಿರುವ ಊರುಗಳಿಗೆ ಇನ್ನೊಂದು ಕಷ್ಟ: ಸಂಜೆ ವೋಲ್ಟೇಜ್ ಇಳಿಯುತ್ತದೆ. ನಿಗದಿತ ಮಿತಿಗಿಂತ ಕೆಳಗಿಳಿದರೆ ಚಾರ್ಜರ್ ತನ್ನಷ್ಟಕ್ಕೆ ನಿಂತುಬಿಡುತ್ತದೆ. ಅರ್ಥಿಂಗ್ ಸರಿಯಿಲ್ಲದಿದ್ದರೂ ನಿಲ್ಲುತ್ತದೆ, ನಿಲ್ಲಲೇಬೇಕು. ಪರದೆಯ ಮೇಲೆ ಬರುವ ಅರ್ಥವಾಗದ ದೋಷಸಂಖ್ಯೆಯ ಹಿಂದೆ ಹಲವು ಬಾರಿ ಇರುವುದು ಇಂಥ ಸಾದಾ ಕಾರಣ.

ಸರ್ಕಾರದ ನಿಯಮಗಳು ಹೆಚ್ಚಾಗಿ ದೂರವನ್ನು ಅಳೆಯುತ್ತವೆ. ಭಾರತದ ವಿದ್ಯುತ್ ಸಚಿವಾಲಯದ 2018ರ ಮಾರ್ಗಸೂಚಿ ನಗರಗಳಲ್ಲಿ 3 ಕಿ.ಮೀ. ಉದ್ದ, 3 ಕಿ.ಮೀ. ಅಗಲದ ಚೌಕಕ್ಕೊಂದು, ಹೆದ್ದಾರಿಯ ಎರಡೂ ಬದಿಗಳಲ್ಲಿ 25 ಕಿ.ಮೀ.ಗೊಂದು ಕೇಂದ್ರ ಇರಬೇಕೆಂದು ಹೇಳಿತು. ಯುರೋಪಿಯನ್ ಒಕ್ಕೂಟ 2025ರ ಕೊನೆಯ ಹೊತ್ತಿಗೆ ತನ್ನ ಮುಖ್ಯ ಸಾರಿಗೆ ಜಾಲದ ಉದ್ದಕ್ಕೂ 60 ಕಿ.ಮೀ.ಗೊಂದರಂತೆ ಕಾರುಗಳಿಗೆ ವೇಗದ ಕೇಂದ್ರಗಳನ್ನು ಕಡ್ಡಾಯ ಮಾಡಿತು. ದಾರಿಹೋಕರಿಗೆ ಇವು ಒಳ್ಳೆಯ ನಿಯಮಗಳೇ. ಆದರೆ ಹೆದ್ದಾರಿಯಿಂದ ಸ್ವಲ್ಪ ಒಳಗಿರುವ, ನಗರ ಎನಿಸಿಕೊಳ್ಳುವಷ್ಟು ದೊಡ್ಡದೂ ಅಲ್ಲದ ಊರು ಈ ಎರಡೂ ಅಳತೆಗಳ ಸಂದಿಯಲ್ಲಿ ಜಾರಿಹೋಗುತ್ತದೆ.

ಶೇ 99ರ ಒಳಗುಟ್ಟು

ಯಂತ್ರ ಎಷ್ಟು ಹೊತ್ತು ಸರಿಯಾಗಿರಬೇಕು ಎಂಬುದಕ್ಕೂ ಈಗ ಕಾನೂನುಗಳಿವೆ. ಅಮೆರಿಕದ ಒಕ್ಕೂಟ ಸರ್ಕಾರ 2023ರಲ್ಲಿ ತನ್ನ ಹಣದಿಂದ ಕಟ್ಟುವ ಕೇಂದ್ರಗಳಿಗೆ ಶೇ 97 ಎಂದು ನಿಗದಿಮಾಡಿತು. ಬ್ರಿಟನ್ನಿನ 2023ರ ನಿಯಮಗಳು ವೇಗದ ಚಾರ್ಜರ್‌ಗಳಿಗೆ ಶೇ 99 ಕೇಳುತ್ತವೆ. ಕೇಳಲು ಶೇ 97 ತುಂಬಾ ಹೆಚ್ಚೆನಿಸುತ್ತದೆ, ಆದರೆ ವರ್ಷಕ್ಕೆ ಹನ್ನೊಂದು ದಿನ ಕೆಟ್ಟಿರಲು ಅದು ಅವಕಾಶ ಕೊಡುತ್ತದೆ. ಅಮೆರಿಕದ ಸೂತ್ರದಲ್ಲಿ ವಿದ್ಯುತ್ ಪೂರೈಕೆ ನಿಂತ ಸಮಯ, ಮೊದಲೇ ನಿಗದಿಯಾದ ದುರಸ್ತಿ, ಕಿಡಿಗೇಡಿಗಳ ಹಾವಳಿ ಮುಂತಾದವನ್ನು ಲೆಕ್ಕದಿಂದ ಹೊರಗಿಡಲಾಗುತ್ತದೆ. ನಡೆಸುವವರ ತಪ್ಪಲ್ಲದ್ದಕ್ಕೆ ಅವರನ್ನು ದೂರುವುದು ಬೇಡ ಎಂಬ ನ್ಯಾಯ ಸರಿಯೇ. ಬ್ಯಾಟರಿ ಖಾಲಿ ಮಾಡಿಕೊಂಡು ನಿಂತವರಿಗೆ ಮಾತ್ರ ಯಾರ ತಪ್ಪಾದರೂ ಒಂದೇ.

ನನಗೆ ಹೆಚ್ಚು ಮುಖ್ಯವೆನಿಸುವುದು ಸರಾಸರಿಯನ್ನು ಎಲ್ಲಿ ತೆಗೆಯುತ್ತಾರೆ ಎಂಬುದು. ಅಮೆರಿಕದಲ್ಲಿ ಅದು ಪ್ರತಿ ಗನ್ನಿಗೂ ಅನ್ವಯ. ಬ್ರಿಟನ್ನಿನಲ್ಲಿ ಸಂಸ್ಥೆಯೊಂದರ ಇಡೀ ವೇಗದ ಜಾಲದ ಸರಾಸರಿ ಶೇ 99 ಇದ್ದರೆ ಸಾಕು. 200 ಚಾರ್ಜರ್‌ಗಳಿರುವ ಸಂಸ್ಥೆಯ ಎರಡು ಯಂತ್ರಗಳು ವರ್ಷವಿಡೀ ಸತ್ತು ಬಿದ್ದಿದ್ದರೂ, ಉಳಿದವು ಸರಿಯಿದ್ದರೆ, ಸರಾಸರಿ ಶೇ 99ರಲ್ಲೇ ನಿಲ್ಲುತ್ತದೆ. ಆ ಎರಡು ಯಂತ್ರಗಳು ಎಲ್ಲಿರುತ್ತವೆ? ತಂತ್ರಜ್ಞ ಅರ್ಧ ಗಂಟೆಯಲ್ಲಿ ತಲುಪಬಹುದಾದ ನಗರದಲ್ಲಿರುವ ಸಾಧ್ಯತೆ ಕಡಿಮೆ. ಬಿಡಿಭಾಗ ಬರಲು ಕಾಯಬೇಕಾದ, ಬಂದರೂ ಅದೊಂದು ಯಂತ್ರಕ್ಕಾಗಿ ಇಡೀ ದಿನ ಪ್ರಯಾಣ ಮಾಡಬೇಕಾದ ಸಣ್ಣ ಊರಿನಲ್ಲಿರುವ ಸಾಧ್ಯತೆಯೇ ಹೆಚ್ಚು.

‘ಆನ್‌ಲೈನ್’ ಎಂಬ ಪದವೂ ಅಷ್ಟೇ ಮೋಸದ್ದು. ಚಾರ್ಜರ್ ಮತ್ತು ಕೇಂದ್ರ ಸರ್ವರಿನ ನಡುವೆ ಮಾತುಕತೆ ಸಾಮಾನ್ಯವಾಗಿ ಒಸಿಪಿಪಿ ಎಂಬ ಮುಕ್ತ ನಿಯಮಾವಳಿಯಂತೆ ನಡೆಯುತ್ತದೆ. ಯಂತ್ರ ನಿಗದಿತ ಅವಧಿಗೊಮ್ಮೆ ‘ಬದುಕಿದ್ದೇನೆ’ ಎಂಬ ಸಂದೇಶ ಕಳಿಸುತ್ತಿರುತ್ತದೆ. ಗನ್ನಿನ ಬೀಗ ಸಿಕ್ಕಿಹಾಕಿಕೊಂಡಿರಬಹುದು, ಪಿನ್ನು ಸುಟ್ಟಿರಬಹುದು, ಕೇಬಲ್ಲನ್ನು ಯಾರೋ ಕತ್ತರಿಸಿಕೊಂಡು ಹೋಗಿರಬಹುದು. ಮೊಡೆಮ್‌ಗೆ ಇದ್ಯಾವುದೂ ತಿಳಿಯದು, ಅದು ಪ್ರಾಮಾಣಿಕವಾಗಿ ಸಂದೇಶ ಕಳಿಸುತ್ತಲೇ ಇರುತ್ತದೆ. ಇದಕ್ಕೆ ತಿರುವುಮುರುವಾದ ಸ್ಥಿತಿಯೂ ಉಂಟು. ಯಂತ್ರ ಸರಿಯಾಗಿದೆ, ಆದರೆ ಮೊಬೈಲ್ ಸಿಗ್ನಲ್ ಸಾಲದೆ ಆ್ಯಪ್ ತೆರೆಯುವುದಿಲ್ಲ, ಒಟಿಪಿ ಬರುವುದಿಲ್ಲ, ಹಣ ಪಾವತಿಯಾಗುವುದಿಲ್ಲ. ನೆಲಮಾಳಿಗೆಯ ವಾಹನ ನಿಲುಗಡೆಯಲ್ಲಿ ಇಟ್ಟ ಚಾರ್ಜರ್‌ಗಳ ದೊಡ್ಡ ಶತ್ರು ಇದೇ. ಯುರೋಪಿಯನ್ ಒಕ್ಕೂಟ 2024ರ ಏಪ್ರಿಲ್‌ನಿಂದ 50 ಕಿಲೋವ್ಯಾಟ್ ಮತ್ತು ಅದಕ್ಕಿಂತ ದೊಡ್ಡ ಹೊಸ ಯಂತ್ರಗಳಲ್ಲಿ ಬ್ಯಾಂಕ್ ಕಾರ್ಡಿನಿಂದ ಹಣ ಕೊಡುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿದ್ದು ಆ್ಯಪ್‌ಗಳ ಈ ಕಾಟದಿಂದ ಬಿಡಿಸಲೆಂದೇ.

ಹಾಗಾದರೆ ಸಣ್ಣ ಊರಿಗೆ ಏನು ಬೇಕು

ರಿಬ್ಬನ್ ಕತ್ತರಿಸಲು ಚೆನ್ನಾಗಿ ಕಾಣುವುದು 120 ಕಿಲೋವ್ಯಾಟ್‌ನ ಒಂದು ದೊಡ್ಡ ಯಂತ್ರ. ಸಣ್ಣ ಊರಿಗೆ ಅದಕ್ಕಿಂತ ಉಪಯೋಗವಾಗುವುದು ಬೇರೆ ಬೇರೆ ಕಡೆ ಇರುವ 30 ಕಿಲೋವ್ಯಾಟ್‌ನ ಎರಡು ಯಂತ್ರಗಳು, ಜೊತೆಗೆ ಹತ್ತಾರು ಎಸಿ ಸಾಕೆಟ್‌ಗಳು ಎಂಬುದು ನನ್ನ ಅಭಿಪ್ರಾಯ. ನಷ್ಟವಿಲ್ಲದ ಆಯ್ಕೆ ಇದಲ್ಲ. ಅವಸರದಲ್ಲಿ ಬಂದ ದೊಡ್ಡ ಬ್ಯಾಟರಿಯ ಕಾರಿಗೆ 30 ಕಿಲೋವ್ಯಾಟ್ ಆಮೆವೇಗ ಅನಿಸುತ್ತದೆ. ಆದರೆ ಸಣ್ಣ ಕಾರುಗಳು ಹೇಗೂ ಬಹಳ ಹೆಚ್ಚು ತೆಗೆದುಕೊಳ್ಳುವುದಿಲ್ಲ. ಟ್ರಾನ್ಸ್‌ಫಾರ್ಮರ್‌ನ ಮೇಲಿನ ಭಾರವೂ ನಿಗದಿತ ಶುಲ್ಕವೂ ಕಡಿಮೆ. ಒಂದು ಯಂತ್ರ ಕೆಟ್ಟ ದಿನವೂ ಊರಿನಲ್ಲಿ ಇನ್ನೊಂದು ಉಳಿದಿರುತ್ತದೆ.

ನಿಧಾನದ ಸಾಕೆಟ್‌ಗಳನ್ನು ಕೀಳಾಗಿ ನೋಡುವುದು ಯೋಜನೆ ಮಾಡುವವರ ಹಳೆಯ ಚಾಳಿ. 3.3 ಕಿಲೋವ್ಯಾಟ್‌ನ ಸಾಕೆಟ್ಟಿನಲ್ಲಿ ರಾತ್ರಿ ಎಂಟು ಗಂಟೆ ನಿಂತ ಕಾರಿಗೆ ಸುಮಾರು 26 ಯೂನಿಟ್ ಸಿಗುತ್ತದೆ. ಯೂನಿಟ್‌ಗೆ ಆರೇಳು ಕಿಲೋಮೀಟರ್ ಓಡುವ ಸಣ್ಣ ಕಾರಿಗೆ ಅದು 150 ಕಿ.ಮೀ.ಗಿಂತ ಹೆಚ್ಚಿನ ದಾರಿ. ಮನೆಯಲ್ಲಿ ವಾಹನ ನಿಲ್ಲಿಸಲು ಸ್ವಂತ ಜಾಗವಿಲ್ಲದವರಿಗೆ, ಬಾಡಿಗೆ ಮನೆಯವರಿಗೆ, ವಸತಿಗೃಹದಲ್ಲಿ ರಾತ್ರಿ ತಂಗುವವರಿಗೆ, ಕಚೇರಿಯ ಅಂಗಳದಲ್ಲಿ ಹಗಲಿಡೀ ನಿಲ್ಲುವ ವಾಹನಗಳಿಗೆ ಬೇಕಾದದ್ದು ಇದೇ. ವಾಹನ ಹೇಗೂ ಗಂಟೆಗಟ್ಟಲೆ ನಿಲ್ಲುವಲ್ಲಿ ವೇಗದ ಯಂತ್ರವನ್ನಿಟ್ಟರೆ ಚಾರ್ಜ್ ಮುಗಿದ ಮೇಲೂ ಜಾಗ ಖಾಲಿಯಾಗುವುದಿಲ್ಲ. ಹತ್ತು ನಿಮಿಷದ ಕೆಲಸಕ್ಕೆ ಜನ ಬಂದುಹೋಗುವಲ್ಲಿ ನಿಧಾನದ ಸಾಕೆಟ್ ಇಟ್ಟರೆ ಯಾರಿಗೂ ಪ್ರಯೋಜನವಿಲ್ಲ. ಯಂತ್ರದ ಆಯ್ಕೆಗೆ ಮೊದಲು ಆ ಜಾಗದಲ್ಲಿ ವಾಹನಗಳು ಎಷ್ಟು ಹೊತ್ತು ನಿಲ್ಲುತ್ತವೆ ಎಂದು ಒಂದು ವಾರ ಎಣಿಸಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಸಾಕೆಟ್‌ಗಳು ಹೆಚ್ಚಾದರೆ ಲೋಡು ಏರುತ್ತದೆಯಲ್ಲ ಎಂಬುದಕ್ಕೆ ಲೋಡ್ ಹಂಚಿಕೆಯೇ ಉತ್ತರ. ಹತ್ತು ಸಾಕೆಟ್‌ಗಳು ಸೇರಿ 15 ಕಿಲೋವ್ಯಾಟ್ ದಾಟದಂತೆ ನಿಯಂತ್ರಕ ನೋಡಿಕೊಳ್ಳುತ್ತದೆ. ಎರಡೇ ವಾಹನಗಳಿದ್ದಾಗ ಪೂರ್ತಿ ಕೊಡುತ್ತದೆ, ಹತ್ತೂ ಬಂದಾಗ ಹಂಚುತ್ತದೆ ಅಥವಾ ಸರದಿ ಮಾಡುತ್ತದೆ. ಬೆಳಗಾಗುವುದರೊಳಗೆ ಎಲ್ಲರಿಗೂ ಒಂದಿಷ್ಟು ಸಿಕ್ಕಿರುತ್ತದೆ. ತಂತಿ ತೀರಾ ದುರ್ಬಲವಾಗಿರುವಲ್ಲಿ ತನ್ನೊಳಗೇ ಬ್ಯಾಟರಿ ಇಟ್ಟುಕೊಂಡ ವೇಗದ ಚಾರ್ಜರ್‌ಗಳೂ ಬಂದಿವೆ. ಅವು ದಿನವಿಡೀ ಸಣ್ಣಗೆ ತುಂಬಿಕೊಂಡು ವಾಹನ ಬಂದಾಗ ಜೋರಾಗಿ ಕೊಡುತ್ತವೆ. ಸಾಲುಸಾಲಾಗಿ ಕಾರುಗಳು ಬಂದರೆ ಒಳಗಿನ ಬ್ಯಾಟರಿ ಬರಿದಾಗಿ ಅವೂ ನಿಧಾನವಾಗುತ್ತವೆ ಎಂಬುದನ್ನು ಮಾರುವವರು ಅಷ್ಟಾಗಿ ಹೇಳುವುದಿಲ್ಲ.

ಜಾಗದ ವಿವರಗಳು ಸಣ್ಣವೆನಿಸಿದರೂ ಯಂತ್ರದಷ್ಟೇ ತೂಕದವು. ಚಾರ್ಜರ್ ಮುಂದೆ ಪೆಟ್ರೋಲ್ ಕಾರು ನಿಂತಿದ್ದರೆ ತೆಗೆಸುವವರು ಯಾರು? ರಾತ್ರಿ ದೀಪವಿದೆಯೇ? ಮಳೆಗೆ ಮಾಡು ಇದೆಯೇ? ಗಾಲಿಕುರ್ಚಿಯಲ್ಲಿ ಬಂದವರಿಗೆ ಗನ್ ಎಟುಕುತ್ತದೆಯೇ? ಚಾರ್ಜ್ ಪಾಯಿಂಟ್ ಒಂದು ಕಾರಿನಲ್ಲಿ ಮೂತಿಯಲ್ಲಿ, ಇನ್ನೊಂದರಲ್ಲಿ ಹಿಂಬದಿಯ ಪಕ್ಕದಲ್ಲಿ ಇರುವುದರಿಂದ ಕೇಬಲ್ ಎರಡಕ್ಕೂ ಸಾಲುವಷ್ಟು ಉದ್ದವಿದೆಯೇ?

ದಾರಿಯಲ್ಲಿರುವವರು ಆ್ಯಪ್‌ನಲ್ಲಿ ನೋಡಬೇಕಾದದ್ದು ಹಸಿರು ಬಣ್ಣವನ್ನಲ್ಲ, ಆ ಯಂತ್ರದಲ್ಲಿ ಕೊನೆಯ ಬಾರಿ ಯಶಸ್ವಿಯಾಗಿ ಚಾರ್ಜ್ ಆದದ್ದು ಯಾವಾಗ ಎಂಬುದನ್ನು. ಅದು ಈ ದಿನದ್ದೋ ನಿನ್ನೆಯದ್ದೋ ಆಗಿದ್ದರೆ ಧೈರ್ಯವಾಗಿ ಹೋಗಬಹುದು. ತಿಂಗಳ ಹಿಂದಿನದಾಗಿದ್ದರೆ ಆ ಯಂತ್ರ ಇಲ್ಲವೆಂದೇ ಎಣಿಸಿ ದಾರಿ ಯೋಜಿಸುವುದು ಕ್ಷೇಮ. ಒಂದೇ ಚಾರ್ಜರ್ ಇರುವ ಊರನ್ನು ನಂಬಿ ಹೊರಟಾಗ, ಅಲ್ಲಿಂದ ಮುಂದಿನ ಚಾರ್ಜರನ್ನು ಮುಟ್ಟುವಷ್ಟು ಚಾರ್ಜು ಬ್ಯಾಟರಿಯಲ್ಲಿ ಉಳಿದಿರುವಂತೆ ನೋಡಿಕೊಳ್ಳಬೇಕು. ಹೊರಡುವ ಮುನ್ನ ಆ ಕೇಂದ್ರಕ್ಕೆ ಫೋನ್ ಮಾಡಿ ಕೇಳುವುದಾದರೆ ‘ಚಾರ್ಜರ್ ಇದೆಯೇ’ ಎಂದು ಕೇಳಬೇಡಿ. ‘ಇವತ್ತು ಯಾವ ಕಾರಿಗೆ ಚಾರ್ಜ್ ಆಯಿತು’ ಎಂದು ಕೇಳಿ.